ವಾರ್ಸಾದ ದೀಪಗಳು

ವಿದ್ಯಾರ್ಥಿಗಳನ್ನು ಕರೆದುಕೊಂಡು ಪರದೇಶಕ್ಕೆ ಸೇವೆಗೆಂದು ಹೋಗುವವರನ್ನು ಜನರು ಕೇಳುವ ಪ್ರಶ್ನೆ ಒಂದುಂಟು: ನಮ್ಮ ಊರಿನಲ್ಲಿ ಕೆಲಸವಿಲ್ಲವೆ? ಪ್ರಶ್ನೆ ನ್ಯಾಯವಾದದ್ದೇ. 2019ರ ಅಕ್ಟೋಬರಿನ ಕೊನೆಯಲ್ಲಿ ನಾವು 12 ಮಂದಿ ವಿದ್ಯಾರ್ಥಿಗಳೊಡನೆ ಪೋಲೆಂಡಿನ ರಾಜಧಾನಿಯಾದ ವಾರ್ಸಾಕ್ಕೆ ಹೋಗಿ ಮಾಡಿದ ಕೆಲಸವೆಂದರೆ, ಅಲ್ಲಿನ ಕಾಲೇಜಿನ ಹುಡುಗರ ಜೊತೆಗೂಡಿ ಒಂದು ಹಳೆಯ ಸ್ಮಶಾನದಲ್ಲಿ ಎಲೆ ಗುಡಿಸಿದ್ದು, ನೋಡುವವರಿಲ್ಲದ ಗೋರಿಗಳ ಪಾಚಿಯನ್ನು ಉಜ್ಜಿದ್ದು. ಇಷ್ಟಕ್ಕಾಗಿ ಸಮುದ್ರವನ್ನು ದಾಟಬೇಕಾಗಿರಲಿಲ್ಲ. ಆದರೆ ಅಲ್ಲಿ ಕಂಡದ್ದನ್ನು ಇಲ್ಲಿ ಕುಳಿತು ಕಾಣುವಂತೆಯೂ ಇರಲಿಲ್ಲ.

ನವೆಂಬರ್ 1 ಪೋಲರಿಗೆ ಸಕಲ ಸಂತರ ಹಬ್ಬ. ಮರುದಿನ ಗತಿಸಿದವರೆಲ್ಲರ ಸ್ಮರಣೆ. ನಮ್ಮ ಮಹಾಲಯ ಅಮಾವಾಸ್ಯೆಯನ್ನು ನೆನೆದರೆ ಅರ್ಧ ತಿಳಿಯುತ್ತದೆ. ಉಳಿದ ಅರ್ಧ ದೀಪಾವಳಿ. ದೂರದ ಊರುಗಳಲ್ಲಿ ಉದ್ಯೋಗದಲ್ಲಿರುವವರೂ ರೈಲು ಹಿಡಿದು ತಮ್ಮ ಹಿರಿಯರ ಗೋರಿಗಳಿಗೆ ಬರುತ್ತಾರೆ. ಗಾಜಿನ ಪಾತ್ರೆಯಲ್ಲಿ ಉರಿಯುವ 'ಜ್ನಿಚ್' ಎಂಬ ದೀಪಗಳನ್ನು ಗೋರಿಗೋರಿಗೂ ಇಡುತ್ತಾರೆ. ಕತ್ತಲಾದ ಮೇಲೆ ದೂರದಿಂದ ನೋಡಿದರೆ ಸ್ಮಶಾನಕ್ಕೆ ಸ್ಮಶಾನವೇ ಹೊಳೆಯುತ್ತಿರುತ್ತದೆ. 1790ರಲ್ಲಿ ಏರ್ಪಟ್ಟ ಪೊವೊಂಜ್ಕಿ ಸ್ಮಶಾನದಲ್ಲಿ 1975ರಿಂದ ಹೆಸರಾದ ನಟನಟಿಯರೇ ಡಬ್ಬಿ ಹಿಡಿದು, ಹಳೆಯ ಗೋರಿಗಳ ದುರಸ್ತಿಗೆಂದು ಚಂದಾ ಎತ್ತುತ್ತಾರೆ. ಬಾಗಿಲ ಬಳಿ ಜಾತ್ರೆಯಂತೆ ಅಂಗಡಿಗಳು, ಮಿಠಾಯಿ, ರಾಶಿರಾಶಿ ಸೇವಂತಿಗೆ! ನಮ್ಮ ವಿದ್ಯಾರ್ಥಿನಿಯೊಬ್ಬಳು ಮುಡಿಯುವುದಕ್ಕೆ ಒಂದು ಹೂವನ್ನು ಕೇಳಿದಾಗ ಮಾರುವಾಕೆ ಗಾಬರಿಯಾದಳು. ಅಲ್ಲಿ ಸೇವಂತಿಗೆ ಗೋರಿಯ ಹೂವು. ನೆಂಟರ ಮನೆಗೂ ಅದನ್ನು ಕೊಂಡೊಯ್ಯುವುದಿಲ್ಲ.

ಮಂಡ್ಯದ ಕಡೆಯ ಒಬ್ಬ ವಿದ್ಯಾರ್ಥಿ ಮಾತ್ರ ಮೊದಲ ದಿನದಿಂದಲೂ ಬಾಗಿಲಿನಿಂದ ಒಳಕ್ಕೆ ಬರಲೊಪ್ಪದೆ ಹೊರಗಿನ ದಾರಿಯನ್ನೇ ಗುಡಿಸುತ್ತಿದ್ದನು. ಅವನನ್ನು ಸಾಕಿದ ಅಜ್ಜಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನಾವು ಒತ್ತಾಯಿಸಲಿಲ್ಲ. ಪರರ ಆಚಾರವನ್ನು ಮೆಚ್ಚುವುದಕ್ಕೆ ತನ್ನದನ್ನು ಬಿಡಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲವಷ್ಟೆ.

ಹಬ್ಬದ ಸಂಜೆ ಒಬ್ಬ ವೃದ್ಧೆ, "ನಿನ್ನ ದೀಪವೆಲ್ಲಿ ಮಗು?" ಎಂದು ಅವನನ್ನು ಕೇಳಿದರು. ಪೋಲಿಷ್ ವಿದ್ಯಾರ್ಥಿನಿಯೊಬ್ಬಳು ಮಾತನ್ನು ತಿಳಿಸಿಕೊಟ್ಟಳು. "ನಮ್ಮಲ್ಲಿ ಗೋರಿಯಿಲ್ಲ ತಾಯಿ. ಅಜ್ಜಿಯ ಬೂದಿಯನ್ನು ಕಾವೇರಿಯಲ್ಲಿ ಬಿಟ್ಟಿದ್ದೇವೆ" ಎಂದನು. ಆಕೆ ಸ್ಮಶಾನದ ನಡುವಿದ್ದ ದೊಡ್ಡ ಶಿಲುಬೆಯನ್ನು ತೋರಿಸಿದರು. ಯಾರ ಗೋರಿ ದೂರದಲ್ಲಿದೆಯೋ ಅಂಥವರ ದೀಪಗಳು ಅದರ ಬುಡದಲ್ಲಿ. ಆಕೆಯ ದೊಡ್ಡಮ್ಮನ ಗೋರಿ ಇದ್ದದ್ದು ಕೊಲ್ಲಾಪುರದಲ್ಲಿ! ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ದೇಶಕ್ಕೆ ಗಡೀಪಾರಾಗಿ ಬಿಡುಗಡೆ ಹೊಂದಿದ ಪೋಲರಲ್ಲಿ ಸುಮಾರು 5,000 ಮಂದಿ, ಬಹುಪಾಲು ಹೆಂಗಸರು ಮಕ್ಕಳು, 1943ರಿಂದ 1948ರ ವರೆಗೆ ಕೊಲ್ಲಾಪುರದ ಬಳಿಯ ವಳಿವಡೆಯ ಶಿಬಿರದಲ್ಲಿ ಆಶ್ರಯ ಪಡೆದಿದ್ದರು.

"ಆ ಊರು ನಿಮಗೆ ಸಮೀಪವೆ?" ಎಂದು ಆಕೆ ಕೇಳಿದರು. "ಒಂದು ರಾತ್ರಿಯ ಪ್ರಯಾಣ" ಎಂದನು. ಅನಂತರ ಆಕೆಯ ಚೀಲದಿಂದ ಒಂದು ದೀಪವನ್ನು ತೆಗೆದುಕೊಂಡು, ಆಕೆಯ ಕೈ ಹಿಡಿದು ಒಳಕ್ಕೆ ನಡೆಸಿಕೊಂಡು ಹೋದನು.

ವಸತಿಗೆ ಹಿಂದಿರುಗಿದ ಕೂಡಲೆ ಅವನು ಸ್ನಾನಕ್ಕೆ ಹೋದನು. ಅವನ ಹಿಂದೆ ಉಳಿದವರೂ ಸಾಲಾಗಿ ನಿಂತರು. ಕೊನೆಯ ಇಬ್ಬರಿಗೆ ಬಿಸಿನೀರು ಸಿಕ್ಕಲಿಲ್ಲ.