ಅಮೆರಿಕದ ಬಡವರೂ ಅಮೆರಿಕದ ಪುಸ್ತಕಗಳೂ



ಅಮೆರಿಕವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಗನಚುಂಬಿ ಕಟ್ಟಡಗಳು ಮತ್ತು ಡಾಲರಿನ ಸಂಬಳ. ಅಲ್ಲಿಯೂ ಬಡವರಿದ್ದಾರೆಂದರೆ ನಮ್ಮಲ್ಲಿ ಅನೇಕರು ಸುಲಭವಾಗಿ ನಂಬುವುದಿಲ್ಲ. ಒಂದು ಕಾಲದಲ್ಲಿ ಅಲ್ಲಿನ ಅನುಕೂಲಸ್ಥರು ಕೂಡಾ ಇದನ್ನು ಅರಿತಿರಲಿಲ್ಲ. ಅವರ ಕಣ್ಣು ತೆರೆಸುವಲ್ಲಿ ಒಂದು ಪುಸ್ತಕದ ಪಾತ್ರ ದೊಡ್ಡದು.

1962ರಲ್ಲಿ ಮೈಕೆಲ್ ಹ್ಯಾರಿಂಗ್ಟನ್ ‘ದಿ ಅದರ್ ಅಮೆರಿಕ’ ಎಂಬ ಕೃತಿಯನ್ನು ಬರೆದರು. ಸಮೃದ್ಧಿಯ ಆ ನಾಡಿನಲ್ಲಿ ನಾಲ್ಕರಿಂದ ಐದು ಕೋಟಿ ಬಡವರಿದ್ದಾರೆ, ಆದರೆ ಮಧ್ಯಮ ವರ್ಗದ ಕಣ್ಣಿಗೆ ಅವರು ಬೀಳುತ್ತಿಲ್ಲ ಎಂಬುದು ಅವರ ವಾದವಾಗಿತ್ತು. ಮರುವರ್ಷ ‘ನ್ಯೂಯಾರ್ಕರ್’ ವಾರಪತ್ರಿಕೆಯಲ್ಲಿ ಬಂದ ಸುದೀರ್ಘ ವಿಮರ್ಶೆಯು ಆ ಕೃತಿಯನ್ನು ದೇಶದ ಗಮನಕ್ಕೆ ತಂದಿತು. 1964ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದರು. 1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಆರೋಗ್ಯ ಯೋಜನೆಗಳು ಬಂದವು. 1959ರಲ್ಲಿ ಶೇ. 22ರಷ್ಟಿದ್ದ ಬಡತನವು 1973ರ ವೇಳೆಗೆ ಶೇ. 11ಕ್ಕೆ ಇಳಿಯಿತು. ಇದರಲ್ಲಿ ಆರ್ಥಿಕ ಬೆಳವಣಿಗೆಯ ಪಾಲೂ ಇತ್ತೆಂಬುದನ್ನು ನಾವು ಮರೆಯಬಾರದು.

ಆದರೆ ಲೇಖನಿಯು ಬಡವರ ಪರವಾಗಿ ಮಾತ್ರ ಚಲಿಸುವುದಿಲ್ಲ. 1984ರಲ್ಲಿ ಚಾರ್ಲ್ಸ್ ಮರ್ರೆ ‘ಲೂಸಿಂಗ್ ಗ್ರೌಂಡ್’ ಎಂಬ ಕೃತಿಯಲ್ಲಿ, ಸರಕಾರದ ನೆರವೇ ಬಡವರನ್ನು ಬಡತನದಲ್ಲಿ ಉಳಿಸುತ್ತಿದೆಯೆಂದು ವಾದಿಸಿದರು. ಉಳ್ಳವರಿಗೆ ಈ ಮಾತು ಹಿತವಾಗಿತ್ತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು, ಬಡ ಕುಟುಂಬಗಳಿಗೆ ಕೇಂದ್ರದಿಂದ ಸಿಗುವ ನಗದು ನೆರವಿಗೆ ಒಟ್ಟು ಐದು ವರ್ಷಗಳ ಮಿತಿಯನ್ನು ಹೇರಿತು.

2001ರಲ್ಲಿ ಬಾರ್ಬರಾ ಎರೆನ್‌ರೈಕ್ ‘ನಿಕಲ್ ಆ್ಯಂಡ್ ಡೈಮ್ಡ್’ ಬರೆದರು. ಅದಕ್ಕಾಗಿ ಅವರು ಸ್ವತಃ ಹೋಟೆಲಿನಲ್ಲಿ ಊಟ ಬಡಿಸಿದರು, ಪರರ ಮನೆಗಳ ನೆಲ ಒರೆಸಿದರು, ಅಂಗಡಿಯಲ್ಲಿ ಬಟ್ಟೆ ಜೋಡಿಸಿದರು. ದುಡಿದ ಕೂಲಿಯಲ್ಲಿ ಮನೆ ಬಾಡಿಗೆ ತೆತ್ತು ಬದುಕುವುದು ಎಷ್ಟು ದುಸ್ತರವೆಂದು ತೋರಿಸಿದರು. ಲಕ್ಷಾಂತರ ಜನರು ಅದನ್ನು ಓದಿದರು. ಆದರೆ ಆಮೇಲೆ ನಡೆದುದೇನು? ಅಮೆರಿಕದ ಕೇಂದ್ರ ಕನಿಷ್ಠ ವೇತನವು 2009ರ ಜುಲೈಯಲ್ಲಿ ಗಂಟೆಗೆ 7.25 ಡಾಲರಿಗೆ ಏರಿ ಅಲ್ಲಿಯೇ ನಿಂತಿದೆ. ಅನೇಕ ರಾಜ್ಯಗಳು ತಮ್ಮಲ್ಲಿ ಹೆಚ್ಚಿಸಿವೆ ನಿಜ, ಆದರೆ ಕಾಂಗ್ರೆಸ್ ಹೆಚ್ಚಿಸಿಲ್ಲ. ದೇಶದ ಸಂಪತ್ತಿನ ಸುಮಾರು ಶೇ. 30ರಷ್ಟು ಶೇ. 1ರಷ್ಟು ಕುಟುಂಬಗಳ ಕೈಯಲ್ಲಿದೆ. ಕೆಳಗಿನ ಅರ್ಧದಷ್ಟು ಕುಟುಂಬಗಳ ಪಾಲು ಶೇ. 3ನ್ನೂ ಮುಟ್ಟುವುದಿಲ್ಲ.

ಇದು ವಿಧಿಲಿಖಿತವೇ? ಖಂಡಿತ ಅಲ್ಲ. 2021ರಲ್ಲಿ ಸರಕಾರವು ಮಕ್ಕಳಿರುವ ಕುಟುಂಬಗಳಿಗೆ ನೀಡುವ ತೆರಿಗೆ ನೆರವನ್ನು ಹೆಚ್ಚಿಸಿದಾಗ, ಜನಗಣತಿ ಇಲಾಖೆಯ ಪೂರಕ ಮಾಪನದಂತೆ ಮಕ್ಕಳ ಬಡತನವು ಶೇ. 5.2ಕ್ಕೆ ಕುಸಿಯಿತು. ಆ ಹೆಚ್ಚಳ ಮುಂದುವರಿಯಲಿಲ್ಲ. ಕೋವಿಡ್ ಕಾಲದ ಇತರ ನೆರವುಗಳೂ ನಿಂತವು. 2022ರಲ್ಲಿ ಅದೇ ಪ್ರಮಾಣ ಶೇ. 12.4ಕ್ಕೆ ಜಿಗಿಯಿತು. ಬಡತನವನ್ನು ಇಳಿಸುವ ದಾರಿ ಆ ದೇಶಕ್ಕೆ ತಿಳಿದಿತ್ತು. ಆ ದಾರಿಯಲ್ಲಿ ಮುಂದುವರಿಯುವ ಮನಸ್ಸು ಇರಲಿಲ್ಲ.

ಬಂಧುಗಳೇ, ಇದನ್ನು ಕೇಳಿ ಅಮೆರಿಕವನ್ನು ಹಳಿದು ತೃಪ್ತರಾಗುವುದು ನಮಗೆ ಸಲ್ಲದು. ಸಂಪತ್ತು ಸಿರಿವಂತರ ನಡುವೆಯೇ ಸುತ್ತುತ್ತಿರಬಾರದೆಂಬ ಪಾಠವನ್ನು ಕುರ್‌ಆನಿನ ಅಲ್‌ಹಶ್ರ್ ಅಧ್ಯಾಯದಿಂದ ಕಲಿತವರು ನಾವು. ಕೂಲಿಯಾಳಿನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವವರೂ ನಾವೇ. ಹಾಗಿದ್ದರೆ ನಮ್ಮ ಮನೆಯ ಕೆಲಸದಾಕೆಯ, ನಮ್ಮ ಅಂಗಡಿಯ ಹುಡುಗನ, ನಮ್ಮ ಮದ್ರಸದ ಉಸ್ತಾದರ ಸಂಬಳವನ್ನು ಕೊನೆಯ ಬಾರಿ ಹೆಚ್ಚಿಸಿದ್ದು ಯಾವಾಗ? ಝಕಾತ್ ಬಡವನ ಹಕ್ಕೆಂದು ತಿಳಿದೂ ಅದನ್ನು ಭಿಕ್ಷೆಯಂತೆ ಹಂಚುತ್ತಿಲ್ಲವೇ?

ಓದಿದ್ದು, ಕೇಳಿದ್ದು ನಮ್ಮ ಮೇಲೊಂದು ಹೊಣೆಯನ್ನು ಹೊರಿಸುತ್ತದೆ. ಇಂದು ಮನೆಗೆ ಮರಳಿದ ಬಳಿಕ ಆ ಸಂಬಳದ ಲೆಕ್ಕವನ್ನೊಮ್ಮೆ ನಾವೆಲ್ಲರೂ ತೆರೆದು ನೋಡೋಣ. ಅಲ್ಲಾಹನು ನಮಗೆ ಅದಕ್ಕೆ ತೌಫೀಕ್ ನೀಡಲಿ, ಆಮೀನ್.