ಅಡಿಬರಹವನ್ನೂ ಓದೋಣ



ನಾನು ಐಟಿಯವಳು, ದಿನವಿಡೀ ಡೇಟಾ ಜೊತೆಗೇ ನನ್ನ ಸಂಸಾರ. ಆದ್ದರಿಂದ ಇಂದು ಒಂದು ಹಳೆಯ ಫೋಟೋ ಮತ್ತು ಅದರ ಕೆಳಗಿನ ಬರಹದ ಬಗ್ಗೆ ಮಾತಾಡುತ್ತೇನೆ.

ಸೀರೆ ಉಟ್ಟ ಭಾರತೀಯಳು, ಕಿಮೋನೋ ತೊಟ್ಟ ಜಪಾನಿನವಳು, ತನ್ನ ನಾಡಿನ ಉಡುಪಿನಲ್ಲಿರುವ ಸಿರಿಯಾದವಳು. ಈ ಮೂವರ ಫೋಟೋ ನಿಮ್ಮಲ್ಲಿ ಬಹಳ ಜನರ ವಾಟ್ಸಾಪಿಗೂ ಬಂದಿರಬಹುದು. ಸೀರೆಯವರು ಆನಂದಿಬಾಯಿ ಜೋಶಿ. 1865ರಲ್ಲಿ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿ. ವಾಶಿಯಿಂದ ಠಾಣೆಗೆ ಹೋಗಿ ರೈಲು ಬದಲಿಸಿದರೆ ಅವರ ಊರು. ಫೋಟೋ ತೆಗೆದದ್ದು 1885ರ ಅಕ್ಟೋಬರ್ 10ರಂದು, ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ. ಈಗ ಅದು ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ.

ಫೋಟೋದ ಅಡಿಯಲ್ಲಿ ಮೂವರ ಹೆಸರಿನ ಹಿಂದೆಯೂ 'ಡಾಕ್ಟರ್' ಎಂದಿದೆ. ಆದರೆ ಆನಂದಿಬಾಯಿಗೆ ಪದವಿ ಸಿಕ್ಕಿದ್ದು 1886ರ ಮಾರ್ಚ್‌ನಲ್ಲಿ, ಜಪಾನಿನ ಕೆಯಿ ಒಕಾಮಿಗೆ 1889ರಲ್ಲಿ, ಸಿರಿಯಾದ ಸಬತ್ ಇಸ್ಲಾಂಬೂಲಿಗೆ 1890ರಲ್ಲಿ. ಫೋಟೋದ ದಿನ ಮೂವರೂ ವಿದ್ಯಾರ್ಥಿನಿಯರೇ! ಸಬತ್ ಅಲ್ಲಿ 'ತಬತ್' ಆಗಿದ್ದಾರೆ. ಆನಂದಿಬಾಯಿಯ ಊರು 'ಸೆರನೈಸೋರ್' ಆಗಿದೆ. ಅಂಥ ಊರೇ ಇಲ್ಲ. ಅವರು ಅಮೆರಿಕಕ್ಕೆ ಹೊರಟದ್ದು ಬಂಗಾಳದ ಸೆರಾಂಪುರದಿಂದ. ಕನ್ನಡಿಗರಾದ ನಾವು ಆ ಹೆಸರು ನೋಡಿದರೆ ಮೈಸೂರು ಎಂದುಕೊಂಡರೂ ಆಶ್ಚರ್ಯವಿಲ್ಲ.

ಮುಂದೆ ಫಾರ್ವರ್ಡ್ ಆಗುತ್ತಾ ಇನ್ನೊಂದು ಮಾತು ಸೇರಿತು: 'ತಮ್ಮ ತಮ್ಮ ದೇಶದ ಮೊದಲ ವೈದ್ಯೆಯರು.' ಜಪಾನಿನಲ್ಲಿ ಒಗಿನೊ ಗಿಂಕೊ ಎಂಬವರು 1885ರಲ್ಲೇ ವೈದ್ಯಕೀಯ ಪರವಾನಗಿ ಪಡೆದಿದ್ದರು. 1886ರಲ್ಲೇ ಕಲ್ಕತ್ತೆಯಲ್ಲಿ ಕಾದಂಬಿನಿ ಗಂಗೂಲಿಯವರೂ ವೈದ್ಯರಾದರು. ಒಬ್ಬರ ಹೊಗಳಿಕೆಯ ಭರದಲ್ಲಿ ಇನ್ನೊಬ್ಬ ಹೆಣ್ಣುಮಗಳ ಹೆಸರು ಅಳಿಸಿಹೋಗಬಾರದಲ್ಲವೇ?

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ಎನ್ನಬಹುದು. ಕಂಪ್ಯೂಟರಿಗೆ ಚಿತ್ರಕ್ಕಿಂತ ಅದರ ಜೊತೆಗಿರುವ ಪದಗಳೇ ಸುಲಭ. ತಪ್ಪು ಪದ ಒಂದು ಸಲ ಒಳಗೆ ಹೋದರೆ ಹುಡುಕಾಟದಲ್ಲಿ ಅದೇ ಬರುತ್ತದೆ, ಮಕ್ಕಳ ಶಾಲೆಯ ಪ್ರಾಜೆಕ್ಟಿಗೂ ಅದೇ ಹೋಗುತ್ತದೆ. ನೂರು ಕಡೆ ಒಂದೇ ಮಾತಿದ್ದರೆ ಅದು ನೂರು ಸಾಕ್ಷಿಯಲ್ಲ, ಒಂದೇ ತಪ್ಪಿನ ನೂರು ನಕಲು ಇರಬಹುದು. ತಪ್ಪು ಕಂಡರೆ ಸಂಗ್ರಹದವರಿಗೆ ಫೋಟೋದ ಸಂಖ್ಯೆ ಮತ್ತು ಆಧಾರ ಕೊಟ್ಟು ಒಂದು ಇಮೇಲ್ ಬರೆಯಿರಿ. ಹಳೆಯ ಬರಹವನ್ನು ಅಳಿಸುವುದು ಬೇಡ, ತಿದ್ದುಪಡಿ ಪಕ್ಕದಲ್ಲಿರಲಿ. ಹಳೆಯದೂ ಇತಿಹಾಸವೇ.

ಇನ್ನು ನಮ್ಮ ಮನೆ, ನಮ್ಮ ಸಂಘದ ಆಲ್ಬಮ್‌ಗಳನ್ನು ತೆರೆಯಿರಿ. ಗಂಡಸರ ಹೆಸರು ಸಾಲಾಗಿರುತ್ತದೆ, ಹೆಂಗಸರು 'ಶ್ರೀಮತಿ' ಎಂದು ಗಂಡನ ಹೆಸರಿನಲ್ಲಿ, ಇಲ್ಲವೇ 'ಮತ್ತಿತರರು' ಎಂಬಲ್ಲಿ. ನಾಟಕಕ್ಕೆ ಬಣ್ಣ ಹಚ್ಚಿದವರು, ಮಕ್ಕಳಿಗೆ ಕನ್ನಡ ಕಲಿಸಿದವರು, ನೂರು ಜನಕ್ಕೆ ಅಡುಗೆ ಮಾಡಿದವರು ಆ ಮತ್ತಿತರರೇ. ಅವರನ್ನು ಗುರುತಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಹೋದ ಮೇಲೆ ಯಾವ ತಂತ್ರಜ್ಞಾನವೂ ಆ ಹೆಸರುಗಳನ್ನು ತಂದುಕೊಡುವುದಿಲ್ಲ.

ಆದ್ದರಿಂದ ಮುಂದಿನ ಸಭೆಗೆ ಒಬ್ಬೊಬ್ಬರು ಒಂದೊಂದು ಹಳೆಯ ಫೋಟೋ ತನ್ನಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ, ಜೊತೆಗೆ ಹೇಳಿದವರು ಯಾರು ಎಂದು ಬರೆಯೋಣ. ಖಾತ್ರಿಯಿಲ್ಲದಿದ್ದರೆ ಪ್ರಶ್ನೆ ಚಿಹ್ನೆ ಹಾಕೋಣ. ಸ್ಕ್ಯಾನ್ ಮಾಡುವ ಕೆಲಸ ನನಗಿರಲಿ.