ಹಗ್ಗದ ಎರಡು ತುದಿ

2020ರ ಜುಲೈ. ದಾವಣಗೆರೆ ಜಿಲ್ಲೆಯಲ್ಲೊಂದು ಕೊಲೆ. ಪೊಲೀಸ್ ಶ್ವಾನದಳದ ತುಂಗಾ, ಹೆಣ್ಣು ಡಾಬರ್‌ಮನ್, ಸ್ಥಳದಲ್ಲಿ ವಾಸನೆ ಹಿಡಿದು ಸುಮಾರು 12 ಕಿಲೋಮೀಟರ್ ಓಡಿದಳು. ತನಿಖೆಗೆ ಎಳೆ ಸಿಕ್ಕಿದ್ದು ಅವಳು ಹೋಗಿ ನಿಂತಲ್ಲಿ.

ಎಲ್ಲರೂ ಅವಳ ಮೂಗನ್ನು ಹೊಗಳಿದರು, ಸರಿಯೇ. ನನಗೆ ಮಾತ್ರ ಹಿಂದೆ ಹಗ್ಗ ಹಿಡಿದು ಓಡಿದ ಕೈಯ ಬಗ್ಗೆ ಕುತೂಹಲ. ವಾಸನೆಯ ದಾರಿ ಮನುಷ್ಯನಿಗೆ ಕಾಣದು. ಆದರೂ ಅಧಿಕಾರ ಅವನದು, ತಿಳಿವಳಿಕೆ ನಾಯಿಯದು! ತಿರುವಿನಲ್ಲಿ ಅದು ತಡವರಿಸಿದಾಗ ‘ಈ ಕಡೆಯೇ ಇರಬೇಕು’ ಎಂದು ಎಳೆದರೆ ಕೆಲಸ ಕೆಟ್ಟಿತು. ಯಜಮಾನನನ್ನು ಮೆಚ್ಚಿಸುವ ಆಸೆಯ ಪ್ರಾಣಿ, ಅವನು ಬಯಸಿದತ್ತಲೇ ಹೋಗಿಬಿಡಬಹುದು. ಅದಕ್ಕೇ ತರಬೇತಿಯಲ್ಲಿ, ವಾಸನೆ ಎಲ್ಲಿ ಅಡಗಿದೆಯೆಂದು ಹಗ್ಗ ಹಿಡಿದ ಹ್ಯಾಂಡ್ಲರ್‌ಗೂ ಹೇಳದೆ ಅಭ್ಯಾಸ ಮಾಡಿಸುತ್ತಾರೆ. ಆಗ ಅವನಿಗೆ ಉಳಿಯುವುದು ನಾಯಿಯ ಬಾಲ, ಕಿವಿ, ಉಸಿರಿನ ವೇಗವನ್ನು ಗಮನಿಸುವ ಕೆಲಸವಷ್ಟೇ.